ವಿಷಯತಜ್ಞರ ಕುರ್ಚಿ

ಪ್ರತಿ ವರ್ಷ ರಜೆ ಮುಗಿಯುವ ಹೊತ್ತಿಗೆ ನಾನು ನನ್ನದೇ ಕೆಲಸಕ್ಕೆ ಅರ್ಜಿ ಹಾಕುತ್ತೇನೆ. ವಿಶ್ವವಿದ್ಯಾಲಯದಲ್ಲಿ ದೃಶ್ಯ ಸಂಸ್ಕೃತಿ ಎಂಬ ವಿಷಯಕ್ಕೆ ನಾನು ಅರೆಕಾಲಿಕ ಉಪನ್ಯಾಸಕಿ. ಅಂದರೆ ಚಿತ್ರ, ಫೋಟೋ, ಜಾಹೀರಾತು, ಅಂಗಡಿಯ ಬೋರ್ಡು, ಇಂಥವನ್ನೆಲ್ಲ ಹೇಗೆ ನೋಡಬೇಕು ಎಂದು ಹೇಳಿಕೊಡುವವಳು. ಪರೀಕ್ಷೆ ಮುಗಿದ ದಿನ ನನ್ನ ಕೆಲಸವೂ ಮುಗಿಯುತ್ತದೆ. ಆಮೇಲೆ ಪ್ರಕಟಣೆ ಹೊರಡುತ್ತದೆ, ನಾನು ಅರ್ಜಿ ಹಾಕುತ್ತೇನೆ, ನನ್ನನ್ನು ವರ್ಷಗಟ್ಟಲೆಯಿಂದ ಬಲ್ಲವರು ಮೇಜಿನ ಆಚೆ ಕೂತು ‘ನಿಮ್ಮ ಬಗ್ಗೆ ಸ್ವಲ್ಪ ಹೇಳಿ’ ಎನ್ನುತ್ತಾರೆ. ನಾನು ಹೇಳುತ್ತೇನೆ. ಒಂದು ವರ್ಷವಂತೂ ಅವರಲ್ಲೊಬ್ಬರು ನಡುವೆ ನಿದ್ದೆ ಹೋಗಿದ್ದರು. ಎಚ್ಚರವಾದಾಗ ನಾನು ಸಂದರ್ಶನಕ್ಕೆ ಬಂದವಳೋ ಚಹಾ ತಂದವಳೋ ಎಂಬ ಅನುಮಾನ ಅವರ ಮುಖದ ಮೇಲಿತ್ತು. ನನಗೂ ಆ ಹೊತ್ತಿಗೆ ಅದೇ ಅನುಮಾನ ಶುರುವಾಗಿತ್ತು.

ಈ ಸಲ ಅರ್ಜಿ ಹಾಕುವ ಮೊದಲೇ ವಿಭಾಗದ ಮುಖ್ಯಸ್ಥರು ಕರೆಸಿದರು. ಅವರು ಕೆಟ್ಟವರಲ್ಲ. ಯಾರ ಮನಸ್ಸೂ ನೋಯಬಾರದು ಎಂಬ ಒಂದೇ ಆಸೆಯಿಂದ ಎಲ್ಲರನ್ನೂ ಫಜೀತಿಗೆ ಸಿಕ್ಕಿಸುವ ಮನುಷ್ಯ. ಅವರ ಕೋಣೆಯ ಕುರ್ಚಿಗಳ ಮೇಲೆಲ್ಲ ಕಡತಗಳು ಕೂತಿರುತ್ತವೆ, ಬಂದವರು ನಿಂತಿರುತ್ತಾರೆ. ನಾನೂ ನಿಂತೆ.

“ಮೇಡಂ, ಹೊಸ ಸುತ್ತೋಲೆ ಬಂದಿದೆ. ಇನ್ಮೇಲೆ ಆಯ್ಕೆ ಸಮಿತೀಲಿ ಒಬ್ರು ವಿಷಯತಜ್ಞರು ಇರ್ಲೇಬೇಕಂತೆ. ಅದೂ ನಮ್ಮ ವಿಭಾಗದೋರೇ ಆಗಿರ್ಬೇಕಂತೆ.”

“ಒಳ್ಳೇದಾಯ್ತಲ್ಲ ಸರ್.”

“ಈ ವಿಷಯಕ್ಕೆ ನಮ್ಮಲ್ಲಿ ತಜ್ಞರು ಯಾರಿದಾರೆ ಹೇಳಿ.”

ನಾನು ಯೋಚಿಸಿದೆ. ಮುಖ್ಯಸ್ಥರದು ಹಳೆಯ ನಾಣ್ಯಗಳ ಅಧ್ಯಯನ. ಪಕ್ಕದ ಕೋಣೆಯವರದು ಯುದ್ಧಗಳು. ಅದರಾಚೆಯ ಕೋಣೆಯವರು ಏನು ಅಧ್ಯಯನ ಮಾಡಿದ್ದರೋ ಅವರಿಗೇ ಈಗ ಆಸಕ್ತಿಯಿಲ್ಲ.

“ನಾನೇ ಸರ್.”

“ಅದೇ ನೋಡಿ ತೊಂದ್ರೆ.” ಅವರು ಮೂಗು ಒರೆಸಿಕೊಂಡರು. ಅವರಿಗೆ ವರ್ಷವಿಡೀ ನೆಗಡಿ. “ಸಮಿತೀಲಿ ಕೂತೋರು ಅರ್ಜಿ ಹಾಕೋ ಹಾಗಿಲ್ಲ. ನೀವು ಅರ್ಜಿ ಹಾಕಿದ್ರೆ ತಜ್ಞರಿಲ್ಲ. ತಜ್ಞರಿಲ್ದೆ ಸಂದರ್ಶನ ಇಲ್ಲ. ಸಂದರ್ಶನ ಇಲ್ದಿದ್ರೆ ಈ ವರ್ಷ ಆ ಪೇಪರ್ರೇ ಇಲ್ಲ. ಒಂದ್ಸಲ ನಿಂತ ಪೇಪರ್ ಮತ್ತೆ ಶುರುವಾಗಿದ್ದನ್ನ ನಾನಂತೂ ನೋಡಿಲ್ಲ.”

“ಹಾಗಾದ್ರೆ?”

ಅವರು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. “ನೀವೇ ತಜ್ಞರಾಗಿ ಕೂತ್ಕೊಳ್ಳಿ. ಬಂದೋರ್ನೆಲ್ಲ ನೋಡಿ, ಯಾರೂ ಸರಿಹೋಗಲ್ಲ ಅಂದ್ಬಿಡಿ. ಅರ್ಹರು ಸಿಗ್ದೇ ಇದ್ರೆ ಇರೋ ವ್ಯವಸ್ಥೇನೇ ಮುಂದುವರಿಸಬಹುದು ಅಂತ ಅದೇ ಸುತ್ತೋಲೇಲಿ ಇದೆ. ಇರೋ ವ್ಯವಸ್ಥೆ ಅಂದ್ರೆ ನೀವೇ ಅಲ್ವಾ.”

ಇಷ್ಟು ವರ್ಷದಲ್ಲಿ ನನ್ನನ್ನು ತಾತ್ಕಾಲಿಕ ಎಂದಿದ್ದಾರೆ, ಹೆಚ್ಚುವರಿ ಎಂದಿದ್ದಾರೆ, ಹೊರಗಿನವರು ಎಂದೂ ಒಮ್ಮೆ ಬರೆದಿದ್ದರು. ವ್ಯವಸ್ಥೆ ಎಂದು ಕರೆದದ್ದು ಇದೇ ಮೊದಲು.

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಮನೆಯಲ್ಲಿ ನಾವಿಬ್ಬರೇ. ಅಕ್ಕ ನರ್ಸಾಗಿದ್ದು ನಿವೃತ್ತಳಾದವಳು. ಮೊಣಕಾಲಿಗೆ ಬಿಸಿನೀರಿನ ಚೀಲ ಇಟ್ಟುಕೊಂಡು ಮಂಚದ ಮೇಲಿಂದಲೇ ಲೋಕವನ್ನು ಸಂಬಾಳಿಸುತ್ತಾಳೆ. ನನ್ನ ಕೆಲಸಕ್ಕೆ ಅವಳು ಇಟ್ಟ ಹೆಸರು ‘ನಿನ್ನ ಆ ಅರ್ಧ ಕೆಲಸ’.

“ಅಂದ್ರೆ ನಿನ್ನ ಕುರ್ಚಿಗೆ ನೀನೇ ಕಾವಲು ಕೂರ್ಬೇಕು.”

“ಹಾಗೇ ಅಂದ್ಕೋ.”

“ಕೂರು. ತಲೆ ಅಲ್ಲಾಡಿಸೋದ್ರಲ್ಲಿ ಏನು ಕಷ್ಟ? ಆಸ್ಪತ್ರೇಲಿ ಡಾಕ್ಟರು ಹೇಳಿದ್ದಕ್ಕೆಲ್ಲ ನಾನು ಇಡೀ ಸರ್ವೀಸು ತಲೆ ಅಲ್ಲಾಡ್ಸಿದೀನಿ. ಕುತ್ತಿಗೆ ಇನ್ನೂ ಗಟ್ಟಿಯಾಗೇ ಇದೆ. ಹೋಗಿದ್ದು ಮೊಣಕಾಲು.”

“ಬರೋರ್ಲಿ ಯಾರಾದ್ರೂ ಚೆನ್ನಾಗಿದ್ರೆ?”

ಅಕ್ಕ ಚೀಲವನ್ನು ಇನ್ನೊಂದು ಮೊಣಕಾಲಿಗೆ ಬದಲಾಯಿಸಿದಳು. “ಮನೆ ಹೇಗೂ ನನ್ನ ಪಿಂಚಣೀಲಿ ನಡೀತಿದೆ. ನಿಂಗೆ ಆ ಕೆಲಸ ಬೇಕಾ, ಬೇಡ್ವಾ? ಅದು ಹೇಳು.”

“ಬೇಕು,” ಎಂದೆ. ಅಷ್ಟು ಬೇಗ ಹೇಳಿದ್ದಕ್ಕೆ ನನಗೇ ನಾಚಿಕೆಯಾಯಿತು.

ಯಾಕೆ ಬೇಕು ಎಂದು ಅಕ್ಕ ಕೇಳಲಿಲ್ಲ. ಕೇಳಿದ್ದರೆ ಹೇಳುವುದು ಕಷ್ಟವಿತ್ತು. ನನಗೆ ವಿಭಾಗದಲ್ಲಿ ಮೇಜಿಲ್ಲ. ನನ್ನ ಚಿತ್ರಗಳ ಕಟ್ಟನ್ನು ಪೊರಕೆ, ಬಕೆಟ್ಟು ಇಡುವ ಕೋಣೆಯ ಮೇಲಿನ ಹಲಗೆಯಲ್ಲಿ ಇಡುತ್ತೇನೆ; ತರಗತಿಗೆ ಹೋದಾಗ ಚಿತ್ರಗಳಿಂದ ಫಿನಾಯಿಲ್ ವಾಸನೆ ಬರುತ್ತದೆ. ಊಟದ ನಂತರದ ನಿದ್ದೆ ತೂಗುವ ಪಿರಿಯಡ್ಡುಗಳನ್ನೇ ನನಗೆ ಕೊಡುತ್ತಾರೆ. ಬಸ್ಸು, ಮೆಟ್ಟಿಲು, ಗಂಟಲು ನೋವು, ಮತ್ತೆ ಬಸ್ಸು. ಸುಸ್ತು ಈಗ ನನಗೆ ಮೈಗಂಟಿದ ಅಂಗಿಯ ಹಾಗೆ. ಆದರೂ ಆ ಕೋಣೆಯ ಬಾಗಿಲು ಹಾಕಿಕೊಂಡ ಮೇಲೆ ನಾನು ಯಾರದೋ ತಂಗಿಯಲ್ಲ, ಚಿಲ್ಲರೆ ಹುಡುಕುತ್ತ ಸಾಲು ನಿಲ್ಲಿಸಿದ ಹೆಂಗಸಲ್ಲ. ಅಲ್ಲಿ ನಾನು ಒಂದು ವಿಷಯ ಗೊತ್ತಿದ್ದವಳು. ಈ ವಯಸ್ಸಿನಲ್ಲಿ ಅದು ಒಮ್ಮೆ ಕೈತಪ್ಪಿದರೆ ಬೇರೆ ಯಾವ ವಿಶ್ವವಿದ್ಯಾಲಯವೂ ನನಗೆ ಬಾಗಿಲು ತೆಗೆಯುವುದಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

ನನ್ನ ಪಾಠದಲ್ಲಿ ಒಂದು ಪದ್ಧತಿಯಿದೆ. ಮೊದಲ ದಿನ ನಾನು ಒಂದೇ ಒಂದು ಫೋಟೋವನ್ನು ಗೋಡೆಗೆ ಅಂಟಿಸಿ ಸುಮ್ಮನೆ ಕೂರುತ್ತೇನೆ. ವಿದ್ಯಾರ್ಥಿಗಳು ನೋಡಬೇಕು. ಮಾತಾಡುವ ಹಾಗಿಲ್ಲ, ಬರೆದುಕೊಳ್ಳುವ ಹಾಗಿಲ್ಲ. ಮೊದಲು ಮುಸಿಮುಸಿ ನಗುತ್ತಾರೆ, ಆಮೇಲೆ ಆಕಳಿಸುತ್ತಾರೆ, ಆಮೇಲೆ ನನ್ನ ಮೇಲೆ ಸಿಟ್ಟಾಗುತ್ತಾರೆ. ಸಿಟ್ಟು ಇಳಿದ ಮೇಲೆ ನೋಡಲು ಶುರುಮಾಡುತ್ತಾರೆ. ಪಿರಿಯಡ್ಡು ಮುಗಿಯುವ ಸ್ವಲ್ಪ ಮೊದಲು ನಾನು ‘ಈಗ ಹೇಳಿ’ ಎನ್ನುತ್ತೇನೆ. ಗುರುತಿಲ್ಲದವರ ಮದುವೆಯೂಟದಲ್ಲಿ ಕೂತ ಹಾಗೆ ಬಾಯಿ ಬಿಡದೆ ಇದ್ದವರು ಆಗ ಒಬ್ಬರ ಮಾತಿನ ಮೇಲೊಬ್ಬರು ಬೀಳುತ್ತಾರೆ. ಅದೊಂದು ಗಳಿಗೆಗಾಗಿ ನಾನು ವರ್ಷವಿಡೀ ಬಸ್ಸಿನಲ್ಲಿ ನಿಲ್ಲಬಲ್ಲೆ.

ಆ ಫೋಟೋ ಗುಜರಿ ಅಂಗಡಿಯಲ್ಲಿ ಸಿಕ್ಕಿದ್ದು. ಯಾವುದೋ ಕಾಲದ, ಯಾವುದೋ ಹೊಲಿಗೆ ಕಾರ್ಖಾನೆಯ ಕೆಲಸಗಾರರ ಗುಂಪು. ಮುಂದಿನ ಸಾಲಿನವರು ಮಂಡಿಯ ಮೇಲೆ ಕೈಯಿಟ್ಟು ಕೂತಿದ್ದಾರೆ, ಹಿಂದಿನವರು ನಿಂತಿದ್ದಾರೆ, ಎಲ್ಲರೂ ಕಣ್ಣು ಕಿರಿದು ಮಾಡಿದ್ದಾರೆ, ಯಾಕೆಂದರೆ ಬಿಸಿಲು ಎದುರಿನಿಂದ ಬೀಳುತ್ತಿದೆ. ಫೋಟೋದ ಕೆಳತುದಿಯಲ್ಲಿ ಕಪ್ಪಗೆ ಒಂದು ಗುರುತಿದೆ. ಅದೇನು ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ‘ತೇವ ತಗುಲಿದ್ದು, ಅದನ್ನ ಬಿಡಿ’ ಎನ್ನುತ್ತೇನೆ.

ಸಂದರ್ಶನದ ದಿನ ಸಭಾಕೋಣೆಗೆ ಹೋದವಳು ಅಭ್ಯಾಸಬಲದಿಂದ ನೇರವಾಗಿ ಅಭ್ಯರ್ಥಿಗಳ ಕುರ್ಚಿಯಲ್ಲಿ ಕೂತುಬಿಟ್ಟೆ. ಅದು ಕೈಯಿಲ್ಲದ ಕುರ್ಚಿ, ಒಂದು ಕಾಲು ಕುಂಟು. ಕಟ್ಟಡದ ಬೀಗಗಳನ್ನೆಲ್ಲ ಸೊಂಟಕ್ಕೆ ಕಟ್ಟಿಕೊಂಡು ತಿರುಗುವ ಅಟೆಂಡರು ನೀರಿನ ಬಾಟಲಿ ಜೋಡಿಸುತ್ತಿದ್ದರು. ಅವರನ್ನು ನಾವೆಲ್ಲ ಬೀಗದಣ್ಣ ಎನ್ನುತ್ತೇವೆ.

“ಮೇಡಂ, ನಿಮ್ದು ಈ ಸಲ ಆ ಕಡೆ,” ಎಂದರು.

ಆ ಕಡೆ ಕೈಯಿದ್ದ ಕುರ್ಚಿ, ಮುಂದೆ ಮಡಚಿ ನಿಲ್ಲಿಸಿದ ರಟ್ಟಿನ ಮೇಲೆ ‘ವಿಷಯತಜ್ಞರು’ ಎಂದು ಬರೆದಿತ್ತು. ಕೂತೆ. ಮೆತ್ತೆ ಮೆತ್ತಗಿತ್ತು. ಎಷ್ಟು ಸುಖವಾಗಿತ್ತೆಂದರೆ, ಇಷ್ಟು ವರ್ಷ ಆಚೆ ಕೂತವರಿಗೆ ನಿದ್ದೆ ಬಂದದ್ದರಲ್ಲಿ ಆಶ್ಚರ್ಯವಿಲ್ಲ ಅನ್ನಿಸಿತು.

ನಡುವಿನ ಕುರ್ಚಿಯಲ್ಲಿ ಡೀನರು. ಅವರದು ಭೂಗರ್ಭ ಶಾಸ್ತ್ರ. ‘ದೃಶ್ಯ ಸಂಸ್ಕೃತಿ ಅಂದ್ರೆ ಒಟ್ನಲ್ಲಿ ಏನು ಮೇಡಂ?’ ಎಂದು ಕೇಳಿದರು. ನೋಡುವುದನ್ನು ಕಲಿಸುವುದು ಎಂದೆ. ‘ಕಲ್ಲಾದ್ರೆ ಸುಲಭ. ಒಡೆದು ನೋಡಬಹುದು,’ ಎಂದು ಅವರು ಗಡಿಯಾರ ನೋಡಿಕೊಂಡರು. ನಾನು ಯಾರು, ಎಲ್ಲಿಂದ ಬಂದವಳು ಎಂದು ಅವರು ಕೇಳಲಿಲ್ಲ. ತಜ್ಞರು ಎಂದ ಮೇಲೆ ತಜ್ಞರು. ಮುಖ್ಯಸ್ಥರು ನನ್ನ ಕಡೆ ನೋಡಿ ಮೆಲ್ಲಗೆ ತಲೆಯಾಡಿಸಿದರು, ಕಳ್ಳತನಕ್ಕೆ ಹೊರಟ ಜೊತೆಗಾರನ ಹಾಗೆ.

ಬಂದವರು ಮೂವರು. ಮೊದಲನೆಯವನು ಇಸ್ತ್ರಿ ಮುರಿಯದ ಅಂಗಿಯ ಹುಡುಗ. ಪೆನ್‌ಡ್ರೈವ್ ತಂದಿದ್ದ. ನಮ್ಮ ಪ್ರೊಜೆಕ್ಟರು ತನ್ನ ಪದ್ಧತಿಯಂತೆ ನೀಲಿ ಬಣ್ಣವೊಂದನ್ನೇ ತೋರಿಸಿತು. ಅವನು ಧೃತಿಗೆಡಲಿಲ್ಲ. ನೋಟದ ರಾಜಕಾರಣ, ಅಧಿಕಾರದ ಕಣ್ಣು ಎಂದು ನಲ್ಲಿ ಬಿಟ್ಟ ಹಾಗೆ ಮಾತಾಡಿದ. ನಾನು ನನ್ನ ಫೋಟೋವನ್ನು ಅವನ ಮುಂದೆ ಸರಿಸಿ, “ಇದನ್ನ ನೋಡಿ, ಏನು ಕಾಣತ್ತೆ ಹೇಳಿ,” ಎಂದೆ. ಅವನು ಒಮ್ಮೆ ನೋಡಿ, ಅದನ್ನು ಬೋರಲು ಹಾಕಿ, ಅದರ ಮೇಲೆಯೇ ಅಂಗೈಯೂರಿಕೊಂಡು ನೋಟದ ರಾಜಕಾರಣವನ್ನು ಮುಂದುವರಿಸಿದ. ಅವನನ್ನು ಬೇಡವೆನ್ನಲು ನಾನು ಸುಳ್ಳು ಹೇಳಬೇಕಾಗಲಿಲ್ಲ.

ಎರಡನೆಯವರು ನಡುವಯಸ್ಸಿನವರು, ಕಂಕುಳಲ್ಲಿ ಹೆಲ್ಮೆಟ್ಟು. ಊರಿನ ಮೂಲೆ ಮೂಲೆಯ ಕಾಲೇಜುಗಳಲ್ಲಿ ಚೂರು ಚೂರು ಪಾಠ ಮಾಡುತ್ತಿದ್ದರು. ಫೋಟೋ ಕೊಟ್ಟಾಗ ಅದನ್ನು ದೂರ ಹಿಡಿದು, ಹತ್ತಿರ ಹಿಡಿದು, “ಚೆನ್ನಾಗಿದೆ, ಹಳೇ ಕಾಲದ್ದು,” ಎಂದರು. ಆಮೇಲೆ ಅವರ ಚಿಂತೆಯೆಲ್ಲ ವೇಳಾಪಟ್ಟಿಯದು. “ಬೆಳಗ್ಗೆ ಮೊದಲ ಪಿರಿಯಡ್ ಮಾತ್ರ ಬೇಡ ಸರ್, ಆ ಹೊತ್ಗೆ ನಾನು ಸೇತುವೆ ಆಚೆ ಇರ್ತೀನಿ.” ಅವರ ಬೂಟಿನ ಹಿಮ್ಮಡಿ ಒಂದು ಕಡೆಗೆ ಸವೆದಿತ್ತು, ನನ್ನದರ ಹಾಗೆಯೇ. ನಮ್ಮ ಪೈಕಿಯವರು. ಅವರು ಎದ್ದು ಹೋದಾಗ ನನಗೆ ಸಂಕಟವಾಯಿತು. ಆದರೆ ಅವರು ಆ ಫೋಟೋವನ್ನು ನೋಡಿರಲಿಲ್ಲ ಎಂಬುದೂ ನಿಜ.

“ಇಬ್ರು ಮುಗೀತು,” ಎಂದು ಮುಖ್ಯಸ್ಥರು ನನ್ನ ಕಿವಿಯ ಹತ್ತಿರ ಪಿಸುಗುಟ್ಟಿದರು. ಗೆಲುವಾಗಿದ್ದರು.

ಮೂರನೆಯವಳು ಶಾಲೆಯೊಂದರ ಡ್ರಾಯಿಂಗ್ ಟೀಚರು. ಓದಿದ್ದು ಈ ವಿಷಯವನ್ನೇ, ದೂರದ ಇನ್ನೊಂದು ವಿಶ್ವವಿದ್ಯಾಲಯದಲ್ಲಿ. ಅರ್ಧ ದಿನ ರಜೆ ಹಾಕಿ ಬಂದಿದ್ದಳು, ಉಗುರಿನ ಸಂದಿನಲ್ಲಿ ಇನ್ನೂ ಹಸಿರು ಬಣ್ಣವಿತ್ತು. ಕುಂಟು ಕುರ್ಚಿ ಅವಳನ್ನೂ ಒಂದು ಕಡೆಗೆ ವಾಲಿಸಿತು. ಅವಳು ನೇರವಾಗಲು ಹೋಗದೆ ಹಾಗೇ ವಾಲಿ ಕೂತಳು. ನಾನು ಫೋಟೋ ಸರಿಸಿದೆ.

ಅವಳು ನೋಡಿದಳು. ಮಾತಾಡಲಿಲ್ಲ.

ಡೀನರು ಕೆಮ್ಮಿದರು. ಅವಳು ತಲೆಯೆತ್ತಲಿಲ್ಲ. ಮುಖ್ಯಸ್ಥರು ಮೂಗೊರೆಸಿಕೊಂಡರು. ಫ್ಯಾನು ತಿರುಗುತ್ತಿತ್ತು. “ಪ್ರಶ್ನೆ ಅರ್ಥವಾಯ್ತೇನಮ್ಮ?” ಎಂದು ಡೀನರು ಕೇಳಿದರು. “ಆಯ್ತು ಸರ್, ನೋಡ್ತಿದೀನಿ,” ಎಂದು ಮತ್ತೆ ನೋಡಿದಳು. ಈ ಮೌನ ನನಗೆ ಗೊತ್ತಿತ್ತು. ಇದು ನಾನು ಮಾಡಿದ ಮೌನ.

ಕೊನೆಗೆ ಅವಳು ಬೆರಳನ್ನು ಫೋಟೋದ ಕೆಳತುದಿಯ ಮೇಲೆ ಇಟ್ಟಳು. “ಇದು ನೆರಳು ಅನ್ಸತ್ತೆ ಮೇಡಂ.”

“ಯಾವುದು?”

“ಈ ಕಪ್ಪು. ಎಲ್ರೂ ಕಣ್ಣು ಕಿರಿದು ಮಾಡಿದಾರೆ, ಅಂದ್ರೆ ಸೂರ್ಯ ಫೋಟೋ ತೆಗೆಯೋರ ಬೆನ್ನ ಹಿಂದೆ ಇದೆ. ಅವ್ರ ನೆರಳು ಮುಂದಕ್ಕೆ ಬೀಳ್ಬೇಕಲ್ವಾ. ಇಲ್ಲಿ ಬಿದ್ದಿದೆ. ಆದ್ರೆ ನೋಡಿ, ಎರಡು ತಲೆ ಇದೆ. ಒಬ್ರು ಕ್ಯಾಮೆರಾ ಹಿಡಿದೋರು. ಇನ್ನೊಬ್ರು ಪಕ್ಕದಲ್ಲಿ ಕೈ ಎತ್ತಿ ನಿಂತಿದಾರೆ. ಹತ್ತಿರ ಬನ್ನಿ, ನೀವು ಕೂತ್ಕೊಳ್ಳಿ, ನೀವು ಹಿಂದೆ ನಿಲ್ಲಿ ಅಂತ ಇವ್ರನ್ನೆಲ್ಲ ಜೋಡಿಸ್ತಿರೋರು ಅವ್ರೇ ಇರ್ಬೇಕು. ಫೋಟೋದಲ್ಲಿ ಅವ್ರಿಲ್ಲ. ಆದ್ರೆ ಅವ್ರಿಲ್ದೆ ಈ ಫೋಟೋ ಹೀಗೆ ಬರ್ತಿರ್ಲಿಲ್ಲ.”

ನಾನು ಕುರ್ಚಿಯಿಂದ ಅರ್ಧ ಎದ್ದು ಬಗ್ಗಿ ನೋಡಿದೆ. ಎರಡು ತಲೆ. ಎತ್ತಿದ ಕೈ. ಬೆರಳುಗಳು ಕೂಡ. ಸೂರ್ಯ ಎದುರಿಗಿದ್ದಾನೆ ಎಂದು ಪ್ರತಿ ವರ್ಷ ನಾನೇ ಪಾಠ ಮಾಡುತ್ತೇನೆ. ಹಾಗಾದರೆ ಆ ನೆರಳೆಲ್ಲಿ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೇಳಿದ ಮಕ್ಕಳ ಬಾಯನ್ನೂ ಮುಚ್ಚಿಸಿದ್ದೆ. ನನಗೆ ಖುಷಿಯಾಯಿತು, ಕೂಗಿಬಿಡುವಷ್ಟು ಖುಷಿ. ಅದರ ಬೆನ್ನಿಗೇ ಹೊಟ್ಟೆಯುರಿಯಿತು. ಎರಡೂ ಒಟ್ಟಿಗೆ ಇದ್ದವು, ಯಾವುದು ದೊಡ್ಡದು ಎಂದು ಹೇಳಲಾರೆ.

“ಹೀಗೆ ಸುಮ್ನೆ ಕೂತು ನೋಡೋದನ್ನ ಎಲ್ಲಿ ಕಲಿತ್ರಿ?” ಎಂದು ಕೇಳಿದೆ.

“ನಮ್ಮ ಶಾಲೇಲಿ ಒಬ್ರು ಹಿರೀ ಟೀಚರ್ ಇದಾರೆ ಮೇಡಂ. ಅವ್ರು ಇಲ್ಲೇ ಓದಿದ್ದು. ಇಲ್ಲಿ ಯಾರೋ ಪಾರ್ಟ್ ಟೈಮ್ ಮೇಡಂ ಹೀಗೆ ನೋಡೋದನ್ನ ಕಲಿಸ್ತಿದ್ರಂತೆ. ಅವ್ರು ನಂಗೆ ಕಲಿಸಿದ್ರು, ನಾನು ಈಗ ನಮ್ಮ ಮಕ್ಕಳಿಗೆ ಕಲಿಸ್ತೀನಿ. ಆ ಮೇಡಂ ಹೆಸರು ಮಾತ್ರ ಟೀಚರ್‌ಗೆ ಮರೆತು ಹೋಗಿದೆ. ಎಲ್ಲಾದ್ರೂ ಗೊತ್ತಾದ್ರೆ ಹೇಳು, ಒಂದ್ಸಲ ಹೋಗಿ ನೋಡ್ಬೇಕು ಅಂತಿರ್ತಾರೆ.”

ಮುಖ್ಯಸ್ಥರು ಮೇಜಿನ ಮೇಲಿನ ಧೂಳನ್ನು ಪರೀಕ್ಷಿಸತೊಡಗಿದರು. “ಒಳ್ಳೇ ಪರಂಪರೆ,” ಎಂದರು ಡೀನರು. ಅವಳು ಎದ್ದು ಹೋದಳು. ಹೋಗುವ ಮೊದಲು ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ ನನ್ನ ಕಡೆಗೆ, ನನಗೆ ನೇರವಾಗಿ ಕಾಣುವ ಹಾಗೆ ತಿರುಗಿಸಿ ಇಟ್ಟಳು.

ಬಾಗಿಲು ಮುಚ್ಚಿತು. “ತಜ್ಞರು ಏನಂತೀರಿ?” ಎಂದರು ಡೀನರು.

“ಮೊದಲಿನ ಇಬ್ರು ಬೇಡ. ಮೂರನೆಯೋರು ಅರ್ಹರು.” ನನ್ನ ದನಿ ನನಗೇ ಬೇರೆಯವರದರ ಹಾಗೆ ಕೇಳಿತು. “ತುಂಬ ಅರ್ಹರು.”

ಮೇಜಿನ ಕೆಳಗೆ ಮುಖ್ಯಸ್ಥರ ಬೂಟು ನನ್ನ ಕಾಲಿಗೆ ತಗುಲಿತು. ನಾನು ಕಾಲು ಹಿಂದಕ್ಕೆಳೆದುಕೊಂಡೆ. ಮುಖ್ಯಸ್ಥರು ಡೀನರ ಕಡೆ ತಿರುಗಿದರು. ಆ ಮನುಷ್ಯ ಬದುಕಿನಲ್ಲಿ ಮಾಡಿದ ಧೈರ್ಯದ ಕೆಲಸ ಬಹುಶಃ ಅದೊಂದೇ, ಅದನ್ನೂ ನನಗಾಗಿಯೇ ಮಾಡಿದರು.

“ಸರ್, ಒಂದು ಮಾತು. ಮೇಡಂ ಸಂಕೋಚಕ್ಕೆ ಹೀಗಂತಿದಾರೆ. ಆ ಪೇಪರ್ ಈಗ ಪಾಠ ಮಾಡ್ತಿರೋರು ಇವ್ರೇ. ಆ ಹುಡುಗಿ ಹೇಳಿದ್ಲಲ್ಲ, ಪಾರ್ಟ್ ಟೈಮ್ ಮೇಡಂ, ಅದೂ ಇವ್ರೇ.”

ಡೀನರು ಮೊದಲ ಬಾರಿಗೆ ನನ್ನನ್ನು ಸರಿಯಾಗಿ ನೋಡಿದರು. “ಅಂದ್ರೆ ಇವ್ರ ಕೆಲಸಕ್ಕೆ ಇವ್ರೇ ತಜ್ಞರಾ?”

“ಬೇರೆ ಯಾರೂ ಇರ್ಲಿಲ್ಲ ಸರ್.”

“ಹಾಗಾದ್ರೆ ಇವ್ರ ಅಭಿಪ್ರಾಯ ತಗೊಳ್ಳೋದು ಹೇಗ್ರೀ? ಇವ್ರಿಗೆ ಇದ್ರಲ್ಲಿ ಸ್ವಂತ ಹಿತ ಇದೆ.”

“ನನ್ನ ಹಿತಕ್ಕೆ ವಿರುದ್ಧವಾಗಿ ಹೇಳ್ತಿದೀನಿ ಸರ್,” ಎಂದೆ.

“ವಿರುದ್ಧವೋ ಪರವೋ, ಹಿತ ಹಿತವೇ.” ಡೀನರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಅವರಿಗೂ ಸುಸ್ತಾಗಿತ್ತು, ಆಮೇಲೆ ಇನ್ನೂ ಬೇರೆ ವಿಭಾಗಗಳ ಸಂದರ್ಶನಗಳಿದ್ದವು. “ತಜ್ಞರ ಅಭಿಪ್ರಾಯ ಇಲ್ದೆ ಯಾರ್ನೂ ಆರಿಸೋ ಹಾಗಿಲ್ಲ. ನಿಮ್ಮ ಸಹಿ ಬೇಕು ಮೇಡಂ. ಅಭಿಪ್ರಾಯ ಬೇಡ.”

ಮುಖ್ಯಸ್ಥರು ನಗು ಬಂದವರಂತೆ ಕೆಮ್ಮಿದರು. ‘ಯಾರೂ ಅರ್ಹರಿಲ್ಲ, ಇರುವ ವ್ಯವಸ್ಥೆ ಮುಂದುವರಿಸುವುದು’ ಎಂದು ನಡಾವಳಿಯಲ್ಲಿ ಬರೆದರು. ಡೀನರು ಸಹಿ ಮಾಡಿದರು, ಮುಖ್ಯಸ್ಥರು ಮಾಡಿದರು, ಕಾಗದ ನನ್ನ ಮುಂದೆ ಬಂತು.

ಡೀನರು ಅನ್ಯಾಯ ಮಾಡುವವರಲ್ಲ. “ನಿಮಗೆ ಒಪ್ಪಿಗೆ ಇಲ್ದಿದ್ರೆ ಕೆಳಗೆ ಜಾಗ ಇದೆ, ಬರೀರಿ,” ಎಂದರು. “ಆಗ ಇದು ಮೇಲಕ್ಕೆ ಹೋಗತ್ತೆ. ಅಲ್ಲಿ ನೋಡ್ತಾರೆ. ಬಹುಶಃ ಆ ಹುಡುಗೀನೇ ತಗೊಳ್ಳಿ ಅಂತಾರೆ.”

ಜಾಗ ಇತ್ತು. ಎರಡು ಸಾಲಿಗೆ ಸಾಕಾಗುವಷ್ಟು ಬಿಳಿ ಜಾಗ. ಪೆನ್ನು ಕೈಯಲ್ಲಿತ್ತು. ನನಗೆ ಗೋಡೆಗಂಟಿಸಿದ ಫೋಟೋ ಕಂಡಿತು, ಸಿಟ್ಟಿಳಿದ ಮಕ್ಕಳ ಮುಖಗಳು ಕಂಡವು. ಈ ವರ್ಷ ಅವರಿಗೆ ಆ ನೆರಳು ತೋರಿಸಬಹುದು ಅನ್ನಿಸಿತು. ಎರಡು ತಲೆಯಿವೆ ನೋಡಿ ಎನ್ನಬಹುದು. ಅದನ್ನು ಕಂಡುಹಿಡಿದವಳು ಯಾರು ಎಂದು ಯಾರೂ ಕೇಳುವುದಿಲ್ಲ. ಹೀಗೆ ಯೋಚಿಸಿದವಳು ನಾನೇ, ಬೇರೆ ಯಾರೂ ನನ್ನ ತಲೆಗೆ ತುಂಬಲಿಲ್ಲ. ಒಂದು ಸಲವಾದರೂ ಬಾಯಿಬಿಟ್ಟು ನಿಜ ಹೇಳಿದ್ದೇನಲ್ಲ, ಅವರೇ ಬೇಡವೆಂದರು, ನಾನೇನು ಮಾಡಲಿ ಎಂದೂ ಅಂದುಕೊಂಡೆ. ಸಹಿ ಮಾಡಿದೆ. ಬಿಳಿ ಜಾಗ ಬಿಳಿಯಾಗಿಯೇ ಉಳಿಯಿತು.

“ಒಳ್ಳೇ ಕೆಲಸ ಆಯ್ತು,” ಎಂದು ಮುಖ್ಯಸ್ಥರು ಬಾಗಿಲ ಹತ್ತಿರ ನನ್ನ ಭುಜ ತಟ್ಟುವವರಂತೆ ಗಾಳಿಯನ್ನು ತಟ್ಟಿದರು. “ಒಂದು ವರ್ಷ ನಿಶ್ಚಿಂತೆ.”

ಕಾರಿಡಾರಿನಲ್ಲಿ ಬೀಗದಣ್ಣ ಆಗಲೇ ಸಾರಿದ್ದರು. ಯಾರೂ ಆಯ್ಕೆಯಾಗಿಲ್ಲ, ಎಲ್ಲರೂ ಹೊರಡಬಹುದು. ಇಸ್ತ್ರಿ ಅಂಗಿಯ ಹುಡುಗ ಫೋನಿನಲ್ಲಿ ಯಾರಿಗೋ ವ್ಯವಸ್ಥೆಯನ್ನು ಬೈಯುತ್ತ ಮೆಟ್ಟಿಲಿಳಿದ. ವ್ಯವಸ್ಥೆ ಅವನ ಹಿಂದೆಯೇ ಕೈಚೀಲ ಹಿಡಿದು ಇಳಿಯುತ್ತಿತ್ತು. ಹೆಲ್ಮೆಟ್ಟಿನವರು ಹೊರಟುಹೋಗಿದ್ದರು, ಅವರಿಗೆ ಸೇತುವೆಯಾಚೆ ತರಗತಿಯಿತ್ತು.

ಬಸ್‌ಸ್ಟಾಪಿನಲ್ಲಿ ಡ್ರಾಯಿಂಗ್ ಟೀಚರು ನಿಂತಿದ್ದಳು. ತಿರುಗಿ ಹೋಗೋಣವೆಂದರೆ ನೋಡಿಬಿಟ್ಟಿದ್ದಳು. ನಾನು ಹೋಗಿ ಪಕ್ಕದಲ್ಲಿ ನಿಂತೆ. ಇಬ್ಬರೂ ಬಸ್ಸು ಬರುವ ದಿಕ್ಕನ್ನೇ ನೋಡಿದೆವು.

“ಬೇಜಾರು ಮಾಡ್ಕೋಬೇಡಿ ಮೇಡಂ,” ಎಂದಳು. “ಜಗಳಕ್ಕೆ ಕೇಳ್ತಿಲ್ಲ, ಕಲಿಯೋಕೆ ಕೇಳ್ತಿದೀನಿ. ನನ್ನಲ್ಲಿ ಏನು ಕಡಿಮೆ ಆಯ್ತು?”

ಇದಕ್ಕೆ ಉತ್ತರಗಳು ನನಗೆ ಬಾಯಿಪಾಠ. ಅನುಭವ ಸಾಲದು, ಇನ್ನೂ ಪ್ರಕಟಿತ ಲೇಖನಗಳು ಬೇಕು, ಮುಂದೆ ಪ್ರಯತ್ನಿಸಿ. ನನಗೆ ಹೇಳಿದ್ದೆಲ್ಲ ಅವೇ. ಒಂದನ್ನು ಆರಿಸಿಕೊಂಡೆ ಕೂಡ. ಆದರೆ ಅವಳು ತಿರುಗಿ ನನ್ನ ಮುಖವನ್ನೇ ನೋಡುತ್ತಿದ್ದಳು, ಆ ಫೋಟೋ ನೋಡಿದ ಹಾಗೆ, ಅವಸರವಿಲ್ಲದೆ. ಅವಳ ಎದುರು ಸುಳ್ಳು ಹೇಳಿ ಪಾರಾಗುವುದು ಸಾಧ್ಯವಿರಲಿಲ್ಲ.

“ಏನೂ ಕಡಿಮೆ ಇರ್ಲಿಲ್ಲ. ಆ ಕೆಲಸ ಈಗ ಮಾಡ್ತಿರೋದು ನಾನು. ನಿಮ್ಮಲ್ಲಿ ಯಾರೂ ಅರ್ಹರಿಲ್ಲ ಅಂತ ಬರೆದ್ರೆ ಅದು ನಂಗೇ ಉಳಿಯತ್ತೆ. ನೀವು ಅರ್ಹರು ಅಂತ ಒಂದ್ಸಲ ಹೇಳ್ದೆ. ಆಮೇಲೆ ಸಹಿ ಮಾಡ್ದೆ.”

ಅವಳು ನೋಡುತ್ತಲೇ ಇದ್ದಳು. ನನಗೆ ‘ಈಗ ಹೇಳಿ’ ಎನ್ನುವ ಧೈರ್ಯವಾಗಲಿಲ್ಲ.

“ಅಂದ್ರೆ ಆ ಪಾರ್ಟ್ ಟೈಮ್ ಮೇಡಂ...”

“ನಾನೇ.”

ಅವಳು ತಲೆಯಾಡಿಸಿದಳು. ಉಗುರಿನ ಸಂದಿನ ಹಸಿರು ಬಣ್ಣವನ್ನು ಇನ್ನೊಂದು ಉಗುರಿನಿಂದ ಕೆರೆದಳು. ಅವಳು ಬೈದಿದ್ದರೆ ಹಗುರವಾಗುತ್ತಿತ್ತು, ಅತ್ತಿದ್ದರೂ ಏನಾದರೂ ಹೇಳಬಹುದಿತ್ತು.

“ಮುಂದಿನ ವರ್ಷ ಮತ್ತೆ ಕರೀತಾರಾ?”

“ಕರೀತಾರೆ.”

“ಆಗ ತಜ್ಞರು ಯಾರಿರ್ತಾರೆ?”

“ನಾನೇ ಇರ್ತೀನಿ,” ಎಂದೆ.

ಅವಳು ಸಣ್ಣಗೆ ನಕ್ಕಳು. ಆ ನಗುವಿನಲ್ಲಿ ಸಿಟ್ಟಿರಲಿಲ್ಲ, ನನಗಿಂತ ಚಿಕ್ಕವಳಾದ ಅವಳಲ್ಲೂ ಅಷ್ಟೊಂದು ಆಯಾಸವಿದ್ದದ್ದು ಆಗಲೇ ನನಗೆ ಕಂಡಿದ್ದು. “ನಮ್ಮ ಟೀಚರ್‌ಗೆ ಹೇಳ್ತೀನಿ, ಆ ಮೇಡಂ ಸಿಕ್ಕಿದ್ರು ಅಂತ,” ಎಂದಳು.

ನಾನು ಕಾದೆ. ಹೆಸರು ಕೇಳುತ್ತಾಳೆ ಎಂದುಕೊಂಡೆ. ನಾಲಿಗೆಯ ತುದಿಗೆ ಬಂದಿತ್ತು ನನ್ನ ಹೆಸರು, ಕೇಳದೆಯೇ ಹೇಳಿಬಿಡಬಹುದಿತ್ತು. ಅಷ್ಟರಲ್ಲಿ ಬಸ್ಸು ಬಂತು. ಅವಳು ಕೇಳಲಿಲ್ಲ.

ಅವಳು ಮೊದಲು ಹತ್ತಿ ಕಿಟಕಿಯ ಪಕ್ಕ ಕೂತಳು, ಹೊರಗೆ ನೋಡತೊಡಗಿದಳು. ಅವಳ ಪಕ್ಕದ ಸೀಟು ಖಾಲಿಯಿತ್ತು. ಬಸ್ಸಿನಲ್ಲಿ ಬೇರೆ ಖಾಲಿ ಸೀಟಿರಲಿಲ್ಲ, ನನ್ನ ಕಾಲು ಬೆಳಗ್ಗೆಯಿಂದಲೂ ನೋಯುತ್ತಿತ್ತು. ನಾನು ಕಂಬಿ ಹಿಡಿದು ಮನೆಯ ತನಕ ನಿಂತೇ ಹೋದೆ.